ತಲೆ ಕೆಟ್ಟ ಸ್ಕ್ರೂಗಳ ಸೀಮೆಯಲ್ಲಿ

ಮಳೆಗಾಲದಲ್ಲಿ ಗೋಕಾಕ ಫಾಲ್ಸ್‌ಗೆ ಹೋದವರು ನೋಡುವುದು ನೀರನ್ನು. ಘಟಪ್ರಭೆ ಕೆಂಪಗೆ ಉಕ್ಕಿ, ಲಾಳದಾಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಗೆ ಧುಮುಕುವಾಗ ಬೇರೆಲ್ಲೋ ನೋಡುತ್ತ ನಿಂತವನು ಒಂದೋ ಹೊಸದಾಗಿ ಮದುವೆಯಾದವನು, ಇಲ್ಲವೇ ಮೆಕ್ಯಾನಿಕ್ಕು. ಹುಬ್ಬಳ್ಳಿಯಿಂದ ಬಂದಿದ್ದ ಆ ಹವ್ಯಾಸಿ ಎರಡನೆಯ ಗುಂಪಿಗೆ ಹತ್ತಿರದವನು. ಬಂಡೆಯಿಂದ ಸುಮಾರು 14 ಮೀಟರ್ ಮೇಲೆ ತೂಗುವ 201 ಮೀಟರ್ ಉದ್ದದ ಹಳೆಯ ಸೇತುವೆಯ ಬಳಿ ನಿಂತು, ಅದರ ನಟ್ಟು-ಬೋಲ್ಟುಗಳ ಮೂಲೆಗಳು ಎಷ್ಟು ಸವೆದಿವೆ, ಯಾರೋ ಯಾವ ಪಾನಾ ಹಾಕಿ ತಿರುವಿರಬಹುದು ಎಂದು ಲೆಕ್ಕ ಹಾಕುತ್ತಿದ್ದ. ಪಕ್ಕದಲ್ಲಿ ಮೆಕ್ಕೆತೆನೆ ಸುಡುತ್ತಿದ್ದ ಹೆಂಗಸು ಈತನನ್ನು ಸರಕಾರಿ ಎಂಜಿನಿಯರ್ ಎಂದುಕೊಂಡು, ‘ಇದನ್ನ ರಿಪೇರಿ ಮಾಡಸ್ತೀರೇನ್ರೀ ಸಾಹೇಬ್ರ?’ ಎಂದು ಕೇಳಿದಳು.

ಆತ ಬಂದದ್ದು ರಿಪೇರಿಗಲ್ಲ. ಹಳೆಯ ಕೈಹತ್ಯಾರುಗಳನ್ನು ಕೂಡಿಡುವುದು ಆತನ ಹುಚ್ಚು. ಅದರಲ್ಲೂ ಒಂದೇ ಜಾತಿಯ ಕೆಲಸ ಮಾಡುವಂಥವು. ತಲೆ ಸವೆದ, ಜಂಗು ಹಿಡಿದ, ಕತ್ತು ಮುರಿದ ಸ್ಕ್ರೂಗಳನ್ನು ಹೊರಗೆ ತೆಗೆಯುವ ಹತ್ಯಾರುಗಳು. ಜೋಡಿಸುವವರ ಸಾಮಾನು ಎಲ್ಲ ಕಡೆ ಸಿಗುತ್ತದೆ. ಬಿಚ್ಚುವವರ ಸಾಮಾನು ಬೇಕಾದರೆ ಯಂತ್ರಗಳು ಮೊದಲು ಬಂದು, ಬಹಳ ಕಾಲ ಬಾಳಿ, ಕೆಟ್ಟು, ಮತ್ತೆ ಎದ್ದು ಕೂತ ಊರುಗಳನ್ನು ಹುಡುಕಬೇಕು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನು ಆತ ಆರಿಸಿಕೊಂಡದ್ದು ಆ ಕಾರಣಕ್ಕೆ.

ಕಾರಣ ಗಟ್ಟಿಯಾಗಿಯೇ ಇದೆ. ಇಲ್ಲಿನ ಜಲಪಾತದ ಶಕ್ತಿಯನ್ನು ನಂಬಿ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. ಮುಂದೆ ಅದೇ ಗೋಕಾಕ ಮಿಲ್ಸ್ ಆಯಿತು. 1887ರಲ್ಲಿ ಇಲ್ಲಿ ನೀರಿನಿಂದ ವಿದ್ಯುತ್ತು ತೆಗೆದರು. ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದದ್ದು 1905ರಲ್ಲಿ ಎಂದು ನೆನೆದರೆ ಇದರ ಅವಸರ ಗೊತ್ತಾಗುತ್ತದೆ. ಆ ಕಾಲದ ನೂಲಿನ ಯಂತ್ರವಾಗಲಿ ನೀರಿನ ಚಕ್ರವಾಗಲಿ ಹಡಗಿನಲ್ಲೇ ಬರಬೇಕಿತ್ತು. ಯಂತ್ರದ ಜೊತೆಗೆ ಅದನ್ನು ಬಿಗಿದ ಸಾವಿರಾರು ಸ್ಕ್ರೂ, ಬೋಲ್ಟುಗಳೂ ಬಂದವು. ಕಟ್ಟಿಸಿದ ಕಂಪನಿಯ ಹೆಸರು ದಾಖಲೆಯಲ್ಲಿದೆ. ಆಮೇಲೆ ಐವತ್ತು ವರ್ಷ, ನೂರು ವರ್ಷ ಅವನ್ನು ಬಿಚ್ಚಿ ಎಣ್ಣೆ ಹಾಕಿ ಮತ್ತೆ ಬಿಗಿದ ಫಿಟ್ಟರುಗಳ ಹೆಸರು ಎಲ್ಲಿಯೂ ಇಲ್ಲ. ಇದ್ದರೆ ಹತ್ಯಾರದ ಹಿಡಿಕೆಯ ಮೇಲೆ ಕೆತ್ತಿದ ಎರಡು ಅಕ್ಷರಗಳಾಗಿ ಇರಬಹುದು. ಹವ್ಯಾಸಿ ಹುಡುಕುತ್ತಿದ್ದದ್ದು ಆ ಎರಡಕ್ಷರಗಳನ್ನು.

ಗೋಕಾಕ ಪೇಟೆ ಫಾಲ್ಸ್‌ನಿಂದ ಕೆಲವೇ ಮೈಲಿ. ಕರದಂಟಿನ ಅಂಗಡಿಗಳ ಸಾಲು ದಾಟಿ ಒಳಗೆ ಹೋದರೆ ಗುಜರಿ ಸಾಮಾನಿನ ಅಂಗಡಿಗಳು ಸಿಗುತ್ತವೆ. ತೂಕದ ಲೆಕ್ಕದಲ್ಲಿ ಬಂದದ್ದು ಇಲ್ಲಿ ತೂಕದ ಲೆಕ್ಕದಲ್ಲೇ ಹೋಗುತ್ತದೆ. ಎಣ್ಣೆಮಸಿ ಹತ್ತಿದ ಗೋಣಿಚೀಲವೊಂದರಿಂದ ಆತ ಮೊದಲು ಎತ್ತಿಕೊಂಡದ್ದು ಒಂದು ಪಾನಾ. ಅದರ ಮೇಲೆ ‘1/4 ಡಬ್ಲ್ಯೂ’ ಎಂಬ ಅಚ್ಚು ಇತ್ತು. ಅಂಗಡಿಯ ಹುಡುಗ ಅದನ್ನು ಕಾಲಿಂಚಿನ ಪಾನಾ ಎಂದ. ಆದರೆ ಅದರ ಬಾಯಿ ಕಾಲಿಂಚಿಗಿಂತ ಎಷ್ಟೋ ದೊಡ್ಡದು.

ಈ ಗೊಂದಲದ ಬೇರು ಇರುವುದು ಇಂಗ್ಲೆಂಡಿನಲ್ಲಿ. 1841ರವರೆಗೆ ಅಲ್ಲಿನ ಒಂದೊಂದು ಕಾರ್ಖಾನೆ ತನಗೆ ತೋಚಿದಂತೆ ಥ್ರೆಡ್ ಕೊರೆಯುತ್ತಿತ್ತು. ಒಬ್ಬನ ಬೋಲ್ಟು ಇನ್ನೊಬ್ಬನ ನಟ್ಟಿಗೆ ಹೋಗುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಕಲೆಹಾಕಿ, ಅಳೆದು, 55 ಡಿಗ್ರಿ ಕೋನದ ಹಲ್ಲಿನ ಒಂದು ಅಳತೆಯನ್ನು ಎಲ್ಲರ ಮುಂದಿಟ್ಟ. ಅದೇ ವಿಟ್‌ವರ್ತ್ ಥ್ರೆಡ್. ಅದರ ಪಾನಾದ ಮೇಲಿನ ಅಂಕಿ ಹೇಳುವುದು ಬೋಲ್ಟಿನ ದಪ್ಪವನ್ನು, ಪಾನಾದ ಬಾಯಿಯ ಅಗಲವನ್ನಲ್ಲ. ಕಾಲಿಂಚಿನ ವಿಟ್‌ವರ್ತ್ ಬೋಲ್ಟಿನ ತಲೆ ಸುಮಾರು 13.3 ಮಿಲಿಮೀಟರ್. ಇವತ್ತಿನ 13ರ ಪಾನಾ ಅದರ ಮೇಲೆ ಕೂರುವುದಿಲ್ಲ, 14ರದು ಹಾಕಿದರೆ ಆಡುತ್ತದೆ. ಆಡುವ ಪಾನಾವನ್ನು ಜೋರಾಗಿ ತಿರುವಿದವನು ಬೋಲ್ಟಿನ ಆರು ಮೂಲೆಗಳನ್ನೂ ಗುಂಡಗೆ ಮಾಡಿ ಬಿಡುತ್ತಾನೆ.

ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿಯ ಹಲ್ಲು ಸೂಚಿಸಿದ. ಐದೇ ಡಿಗ್ರಿಯ ವ್ಯತ್ಯಾಸ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಟ್ಯಾಂಕಿಗೆ ಅಮೆರಿಕದ ಬೋಲ್ಟು ಹೋಗದಂತೆ ಮಾಡಿ ತಲೆನೋವು ತಂದಿತು. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ ಕೂತು ಒಂದು ಅಳತೆಗೆ ಸಹಿ ಹಾಕಿದವು. ಅಷ್ಟರಲ್ಲಿ ಭಾರತದ ಕಡೆಗೆ ಎರಡೂ ಬಗೆಯ ಯಂತ್ರಗಳು ಬಂದಾಗಿತ್ತು, ಆಮೇಲೆ ಮಿಲಿಮೀಟರೂ ಬಂತು. ಗೋಕಾಕದಂಥ ಊರಿನ ಹಳೆಯ ಗ್ಯಾರೇಜಿನ ಗೋಡೆಯ ಮೇಲೆ ಈಗಲೂ ಮೂರು ಬಗೆಯ ಪಾನಾಗಳು ಒಂದೇ ಮೊಳೆಗೆ ನೇತಾಡುತ್ತವೆ. ಅರ್ಧ ಇಂಚು ಅಂದರೆ 12.7, ಅದಕ್ಕೆ 13ರ ಪಾನಾ ‘ನಡೀತೈತಿ’ ಎನ್ನುತ್ತಾರೆ. ಮುಕ್ಕಾಲು ಇಂಚು 19.05, ಅದಕ್ಕೆ 19ರದು ನಿಜಕ್ಕೂ ನಡೆಯುತ್ತದೆ. ಈ ನಡೆಯುವುದಕ್ಕೂ ನಡೆಯುತ್ತದೆ ಎನ್ನುವುದಕ್ಕೂ ನಡುವಿನ ಮೂರು ಹತ್ತಾಂಶ ಮಿಲಿಮೀಟರಿನಲ್ಲಿ ಕೆಟ್ಟ ಬೋಲ್ಟುಗಳ ದೊಡ್ಡ ಸಂಸಾರವೇ ಇದೆ.

ಚೀಲದ ತಳದಲ್ಲಿ ಇನ್ನೊಂದು ಸಾಮಾನಿತ್ತು: ಮೊಳದುದ್ದದ ಚಪ್ಪಟೆ ಬಾಯಿಯ ಸ್ಕ್ರೂ ಡ್ರೈವರ್, ಮರದ ಮೊಟ್ಟೆಯಾಕಾರದ ಹಿಡಿಕೆ. ಬಡಿಗೇರರ ಮನೆಯದಿರಬೇಕು. ಒಂದೇ ಗಾಡಿಯ, ಅಂದರೆ ತಲೆಯಲ್ಲಿ ಒಂದೇ ಗೀರಿನ, ಸ್ಕ್ರೂಗೆ ಇಷ್ಟುದ್ದದ ಹತ್ಯಾರ ಏಕೆ ಎಂದು ಹೊಸಬರಿಗೆ ಅನಿಸಬಹುದು. ಉದ್ದ ಹೆಚ್ಚಾದರೆ ಬಲ ಹೆಚ್ಚುವುದಿಲ್ಲ. ಬಲ ಕೊಡುವುದು ಹಿಡಿಕೆಯ ದಪ್ಪ. ಉದ್ದದ ಲಾಭ ಬೇರೆ. ಎರಡು ಕೈಯಿಂದ ಹಿಡಿದು, ಎದೆ ಊರಿ ಒತ್ತಬಹುದು, ಕೈ ಸ್ವಲ್ಪ ಓರೆಯಾದರೂ ತುದಿ ಅಷ್ಟು ಓರೆಯಾಗುವುದಿಲ್ಲ.

ಸ್ಕ್ರೂ ಕೆಡುವುದು ತಿರುವಿದ್ದಕ್ಕಲ್ಲ, ಒತ್ತದೆ ತಿರುವಿದ್ದಕ್ಕೆ. ಪೇಟೆಯಲ್ಲಿ ಸಿಗುವ ಚಪ್ಪಟೆ ಸ್ಕ್ರೂ ಡ್ರೈವರಿನ ತುದಿ ಬೆಣೆಯಂತೆ ಇಳಿಜಾರು. ಸ್ಕ್ರೂ ತಲೆಯ ಗಾಡಿಯ ಗೋಡೆಗಳು ನೆಟ್ಟಗೆ. ಬೆಣೆ ಗಾಡಿಯ ಮೇಲಂಚನ್ನು ಮಾತ್ರ ಮುಟ್ಟುತ್ತದೆ. ತಿರುವಿದಾಗ ತಾನೇ ಮೇಲೆ ಜಾರಿ ಅಂಚನ್ನು ಕಿತ್ತುಕೊಂಡು ಬರುತ್ತದೆ. ಬಂದೂಕು ರಿಪೇರಿಯವರು ಇದಕ್ಕಾಗಿ ತುದಿಯ ಎರಡೂ ಬದಿಗಳನ್ನು ಉಜ್ಜಿ ಸಮಾನಾಂತರ ಮಾಡಿಕೊಳ್ಳುತ್ತಾರೆ. ಗೋಕಾಕದ ಈ ಹಳೆಯ ಹತ್ಯಾರದ ತುದಿಯೂ ಹಾಗೇ ಇತ್ತು. ಯಾರೋ ಸಾಣೆಕಲ್ಲಿನ ಮೇಲೆ ಕೂತು ಅದನ್ನು ತನ್ನ ಕೆಲಸಕ್ಕೆ ಹದ ಮಾಡಿದ್ದ. ಹಿಡಿಕೆಯ ಮೇಲೆ ಅಕ್ಷರವೇನೂ ಇರಲಿಲ್ಲ, ಮೂರು ಗೆರೆಗಳಷ್ಟೇ ಇದ್ದವು.

ಬಡಿಗೇರರಿಗೆ ಇಂಥದು ಬೇಕಾಗುವುದಕ್ಕೆ ಈ ಕಡೆಯ ಮರವೂ ಕಾರಣ. ಬಂಡಿ, ಕುಂಟೆ, ಬಾಗಿಲಿಗೆ ಜಾಲಿ ಮರ ಹೇರಳವಾಗಿ ಬಳಸಿದ ಸೀಮೆ ಇದು. ಜಾಲಿಯಲ್ಲಿ ಒಗರಿನ ಅಂಶ ಬಹಳ. ಅದಕ್ಕೇ ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಆ ಒಗರಿಗೆ ಕಬ್ಬಿಣ ಸೇರಿ ಸ್ವಲ್ಪ ನೀರು ತಾಗಿದರೆ ಮಸಿಯಂಥ ಕಪ್ಪು ಹುಟ್ಟುತ್ತದೆ. ಹಿಂದಿನವರು ಬರೆಯುವ ಶಾಯಿ ಮಾಡಿದ್ದೂ ಇದೇ ರಸಾಯನದಿಂದ. ಹಳೆಯ ಬಾಗಿಲಿನ ಸ್ಕ್ರೂ ಸುತ್ತ ಕಪ್ಪು ಉಂಗುರ ಕಂಡರೆ ಒಳಗೆ ಕಬ್ಬಿಣ ಸವೆದು ಮರಕ್ಕೆ ಕಚ್ಚಿಕೊಂಡಿದೆ ಎಂದೇ ಅರ್ಥ. ಮೇಲಾಗಿ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಸ್ಕ್ರೂ ಒಳಗೇ ಉಬ್ಬಿದಂತಾಗುತ್ತದೆ.

ಅದಕ್ಕೆ ಬಡಿಗೇರರ ಉಪಾಯ ಅಂಗಡಿಯಲ್ಲೇ ಕೂತಿದ್ದ ಮುದುಕರೊಬ್ಬರು ಹೇಳಿದರು. ಅವರು ಹೇಳಿದ್ದು ಬಿಚ್ಚುವ ಮಾತೇ ಅಲ್ಲ. ‘ಮೊದಲ ಸ್ವಲ್ಪ ಬಿಗಿ ಮಾಡ್ರಿ. ಅದು ಕುಯ್ಯ್ ಅಂತೈತಿ. ಅಂದ್ರ ಬಿಟ್ಟೈತಿ ಅಂತ. ಆಮ್ಯಾಲ ಉಲ್ಟಾ ತಿರುವ್ರಿ.’ ಅದೂ ಆಗದಿದ್ದರೆ ಒಲೆಯಲ್ಲಿ ಕಾಸಿದ ಸಲಾಕೆಯ ತುದಿಯನ್ನು ಸ್ಕ್ರೂ ತಲೆಯ ಮೇಲೆ ಇಟ್ಟು, ಆರುವವರೆಗೆ ಕಾದು, ಮತ್ತೆ ಪ್ರಯತ್ನ. ಕಬ್ಬಿಣ ಬಿಸಿಗೆ ಹಿಗ್ಗಿ ಸುತ್ತಲಿನ ಮರವನ್ನು ಒತ್ತುತ್ತದೆ. ತಣ್ಣಗಾದಾಗ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಮುದುಕರು ಈ ಕಾರಣ ಹೇಳಲಿಲ್ಲ. ಕಾರಣ ಗೊತ್ತಿಲ್ಲದೆಯೂ ಸ್ಕ್ರೂ ಬರುತ್ತದೆ.

ಬೆಳಗಾವಿ ಸೀಮೆಯಲ್ಲಿ ಬೋಲ್ಟಿನ ಮಾತು ಬಂದ ಮೇಲೆ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ಬಿಟ್ಟು ಮುಂದೆ ಹೋಗಲಾಗದು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ಮಣ್ಣಿಗೆ ವಿಷ ಹಾಕುತ್ತದೆಂದು ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲ. ಒಮ್ಮೆ ಮುಟ್ಟಿದ ಮೇಲೆ ಹಳ್ಳಿಯ ಕಮ್ಮಾರನಿಗೆ ಹೊಸ ಕೆಲಸ ಹುಟ್ಟಿತು. ಸವೆಯುವ ಗುಳವನ್ನು ಬೋಲ್ಟು ಬಿಚ್ಚಿ ಬದಲಿಸಬೇಕು. ಬೋಲ್ಟಿನ ತಲೆಯನ್ನೋ ಎರೆಮಣ್ಣು ತಿಕ್ಕಿ ತಿಕ್ಕಿ ತಿಂದು ಹಾಕಿರುತ್ತದೆ. ಪಾನಾಕ್ಕೆ ಹಿಡಿಯಲು ಮೂಲೆಯೇ ಇಲ್ಲ. ಆಗ ಚಾಣವನ್ನು ನಟ್ಟಿನ ಅಂಚಿಗೆ ಓರೆಯಾಗಿಟ್ಟು, ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಕೊಟ್ಟು, ಎಡಕ್ಕೆ ಎಡಕ್ಕೆ ಓಡಿಸುವುದು. ಅದಕ್ಕೂ ಬಗ್ಗದಿದ್ದರೆ ನಟ್ಟನ್ನು ಸೀಳಿಯೇ ಬಿಡುವುದು. ಗಟ್ಟಿ ಸ್ಕ್ರೂ ತೆಗೆಯುವ ಹತ್ಯಾರುಗಳಲ್ಲಿ ಚಾಣಕ್ಕಿಂತ ಹಳೆಯದು, ಚಾಣಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ ಕಬ್ಬೇ ಕಬ್ಬು. ಮೊದಲು ಗೋಕಾಕ ತಾಲ್ಲೂಕಿನೊಳಗಿದ್ದ ಮೂಡಲಗಿ ಈಗ ತಾನೇ ತಾಲ್ಲೂಕು ಕೇಂದ್ರ. ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡಿದ ಮೇಲೆ ಇಲ್ಲಿನ ರಸ್ತೆ ಟ್ರ್ಯಾಕ್ಟರುಗಳದು. ಹಿಂದೆ ಎರಡೆರಡು ಟ್ರೇಲರು, ಮುಂದೆ ಭೋರ್ಗರೆವ ಹಾಡು. ಗೋಕಾಕ ಹಳೆಯ ಗಿರಣಿಯ ಊರಾದರೆ ಮೂಡಲಗಿ ಗ್ಯಾರೇಜಿನ ಊರು. ಇಲ್ಲಿ ಕೆಡುವ ಸ್ಕ್ರೂ ಬೇರೆ ತಲೆಮಾರಿನದು: ಪ್ಲಸ್ ತಲೆಯದು.

ಪ್ಲಸ್ ತಲೆಯ ಸ್ಕ್ರೂವನ್ನು ಜಗತ್ತಿಗೆ ಮಾರಿದವನು ಅಮೆರಿಕದ ಪೋರ್ಟ್‌ಲ್ಯಾಂಡಿನ ಹೆನ್ರಿ ಎಫ್. ಫಿಲಿಪ್ಸ್. ಮೂಲ ಕಲ್ಪನೆ ಜಾನ್ ಪಿ. ಥಾಂಪ್ಸನ್ ಎಂಬಾತನದು, ಫಿಲಿಪ್ಸ್ ಅದನ್ನು ಕೊಂಡು ತಿದ್ದಿದ. 1936ರಲ್ಲಿ ಜನರಲ್ ಮೋಟರ್ಸ್ ತನ್ನ ಕ್ಯಾಡಿಲಾಕ್ ಕಾರಿಗೆ ಇದನ್ನು ಬಳಸಿದ ಮೇಲೆ ಬೇರೆ ಕಾರ್ಖಾನೆಗಳೂ ಹಿಂದೆ ಬಿದ್ದವು. ಯಂತ್ರದಿಂದ ಬಿಗಿಯುವವರಿಗೆ ಇದು ವರ. ತುದಿ ತಾನಾಗಿ ನಡುವಿಗೆ ಬಂದು ಕೂರುತ್ತದೆ. ಕೈಯಿಂದ ಬಿಚ್ಚುವವರಿಗೆ ಶಾಪ. ಅದರ ಗೋಡೆಗಳು ಇಳಿಜಾರಾದ್ದರಿಂದ ಹೆಚ್ಚು ತಿರುಚಿದರೆ ತುದಿ ಮೇಲಕ್ಕೆ ಜಾರುತ್ತದೆ. ಎರಡು ಸಲ ಜಾರಿದರೆ ಪ್ಲಸ್ಸು ಹೋಗಿ ಗುಂಡಿ ಉಳಿಯುತ್ತದೆ.

1980ರ ದಶಕದಲ್ಲಿ ಜಪಾನಿ ವಿನ್ಯಾಸದ ಬೈಕುಗಳು ಹಳ್ಳಿಗೆ ಬಂದಾಗ ಈ ಶಾಪ ಇಮ್ಮಡಿಯಾಯಿತು. ಅದಕ್ಕೂ ಮೊದಲು ಇಲ್ಲಿನ ರಸ್ತೆಯಲ್ಲಿ ಓಡುತ್ತಿದ್ದುದು ರಾಜದೂತ, ಬುಲೆಟ್, ಮತ್ತು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿಗಳು. ಜಾವಾ ಎಂಜಿನ್ನಿನ ಪಕ್ಕದ ಮುಚ್ಚಳಕ್ಕೆ ಒಂದೇ ಗಾಡಿಯ ದಪ್ಪ ಸ್ಕ್ರೂ. ನಾಣ್ಯದಷ್ಟು ಅಗಲದ ತುದಿ ಸಾಕು, ಬಿಚ್ಚಿಕೊಳ್ಳುತ್ತಿತ್ತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ಮುಚ್ಚಳಕ್ಕೆ ಪ್ಲಸ್ ತಲೆ. ನೋಡಲು ಫಿಲಿಪ್ಸಿನಂತೆಯೇ ಇದ್ದರೂ ಅದು ಜಪಾನಿನ ತನ್ನದೇ ಮಾನಕದ್ದು. ಗುಂಡಿಯ ಮೂಲೆಗಳ ದುಂಡು, ಗೋಡೆಯ ಓರೆ ಸ್ವಲ್ಪ ಬೇರೆ. ಅಂಥ ಸ್ಕ್ರೂಗಳ ತಲೆಯ ಮೇಲೆ ಗುರುತಿಗೆಂದು ಒಂದು ಸಣ್ಣ ಚುಕ್ಕೆ ಇರುವುದುಂಟು. ಆ ಚುಕ್ಕೆಯ ಅರ್ಥ ಯಾರೂ ಹೇಳಿಕೊಡಲಿಲ್ಲ. ಪೇಟೆಯ ಫಿಲಿಪ್ಸ್ ಡ್ರೈವರ್ ಹಾಕಿದರು, ಅದು ಪೂರ್ತಿ ಒಳಗೆ ಕೂರಲಿಲ್ಲ, ಜಾರಿತು. ಅಲ್ಯೂಮಿನಿಯಂ ಮೈಗೆ ಉಕ್ಕಿನ ಸ್ಕ್ರೂ ಬಿಗಿದಾಗ ನಡುವೆ ನೀರಿಳಿದರೆ ಎರಡೂ ಲೋಹ ಒಂದಕ್ಕೊಂದು ಕಚ್ಚಿಕೊಳ್ಳುವ ಕಾಟ ಬೇರೆ.

ಮೂಡಲಗಿಯ ಗ್ಯಾರೇಜೊಂದರಲ್ಲಿ ಹವ್ಯಾಸಿ ಹೋದ ಹೊತ್ತಿಗೆ ಅಂಥದೇ ಒಂದು ಕಾಯಿಲೆ ಮೇಜಿನ ಮೇಲಿತ್ತು. ಮುಂದಿನ ಬ್ರೇಕಿನ ಎಣ್ಣೆ ಡಬ್ಬಿಯ ಮುಚ್ಚಳ. ಎರಡು ಸಣ್ಣ ಚಪ್ಪಟೆ ತಲೆಯ ಪ್ಲಸ್ ಸ್ಕ್ರೂ, ಎರಡೂ ಗುಂಡಿ. ಬೈಕಿನ ಮಾಲೀಕ, ಕಾಲೇಜು ಹುಡುಗ, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

‘ಯಾರ ಕೈ ಹಚ್ಚಿದ್ರೋ ತಮ್ಮಾ ಇದಕ್ಕ?’

‘ನಾನ ರೀ ಕಾಕಾ. ಮನ್ಯಾಗ ಸ್ಕ್ರೂ ಡ್ರೈವರ್ ಇತ್ತು...’

‘ಮನ್ಯಾಗ ಸುತ್ತಿಗೀನೂ ಇತ್ತಲ್ಲ? ಅದನ್ನ ತಗೋಬೇಕಾಗಿತ್ತು!’

ತಮಾಷೆಯಲ್ಲ, ಮಿಸ್ತ್ರಿ ಹೇಳಿದ್ದು ನಿಜವೇ. ಆತ ಡ್ರಾವರಿನಿಂದ ತೆಗೆದದ್ದು ಗೇಣುದ್ದದ, ದಪ್ಪ ಉಕ್ಕಿನ ಕೊಳವೆಯಂಥ ಹತ್ಯಾರ. ಹಿಂದಿನ ತುದಿ ಏಟು ತಿಂದು ಅಣಬೆಯಂತೆ ಹರಡಿತ್ತು. ಇಂಪ್ಯಾಕ್ಟ್ ಡ್ರೈವರ್. ಈಗ ಆ ಹೆಸರಿನಿಂದ ಬ್ಯಾಟರಿ ಯಂತ್ರಗಳು ಬಂದಿವೆ. ಇದು ಕೈಯದು, ಕರೆಂಟು ಬೇಡದ್ದು. ಒಳಗೆ ಓರೆಯಾಗಿ ಕೊರೆದ ದಾರಿ, ಅದರಲ್ಲಿ ಜಾರುವ ಪಿನ್ನು, ಬಲವಾದ ಸ್ಪ್ರಿಂಗು. ತುದಿಗೆ ಪ್ಲಸ್ ಬಿಟ್ಟು ಸಿಕ್ಕಿಸಿ, ಕೊಳವೆಯನ್ನು ಎಡಕ್ಕೆ ತಿರುವಿ ಹಿಡಿದು, ಮೇಲಿಂದ ಸುತ್ತಿಗೆಯಿಂದ ಹೊಡೆದರೆ ಏಟು ಎರಡು ಪಾಲಾಗುತ್ತದೆ. ದೊಡ್ಡ ಪಾಲು ನೇರ ಕೆಳಗೆ ಹೋಗಿ ಬಿಟ್ಟನ್ನು ಗುಂಡಿಯೊಳಕ್ಕೆ ಅದುಮುತ್ತದೆ. ಸಣ್ಣ ಪಾಲು ಓರೆ ದಾರಿಯಲ್ಲಿ ಇಳಿದು ಕೆಲವೇ ಡಿಗ್ರಿ ತಿರುಗಿಸುತ್ತದೆ. ಏಟಿನ ಅದುರು ತುಕ್ಕಿನ ಹಿಡಿತವನ್ನೂ ಒಡೆಯುತ್ತದೆ. ಮನುಷ್ಯನ ಕೈಗೆ ಅಷ್ಟು ಒತ್ತುತ್ತ ಅಷ್ಟೇ ಕ್ಷಣದಲ್ಲಿ ತಿರುವಲು ಬರುವುದಿಲ್ಲ. ಬರದ್ದನ್ನು ಈ ಕೊಳವೆ ಮಾಡುತ್ತದೆ.

ಆದರೆ ಬ್ರೇಕಿನ ಡಬ್ಬಿ ತೆಳುವಾದ ಎರಕ. ಹ್ಯಾಂಡಲಿನ ಮೇಲೆ ಹಾಗೇ ಇದ್ದಾಗ ಹೊಡೆದರೆ ಅದೇ ಒಡೆಯುತ್ತದೆ. ಆದ್ದರಿಂದ ಮಿಸ್ತ್ರಿ ಅದನ್ನು ಬಿಚ್ಚಿ ಮರದ ತುಂಡಿನ ಮೇಲೆ ಊರಿಟ್ಟ. ಬಿಟ್ಟಿನ ತುದಿಗೆ ವಾಲ್ವ್ ಉಜ್ಜುವ ಮುಲಾಮು ಸವರಿದ. ಆ ಮುಲಾಮಿನಲ್ಲಿರುವ ಮರಳಿನಂಥ ಕಣಗಳು ಜಾರುವ ಲೋಹಕ್ಕೆ ಹಿಡಿತ ಕೊಡುತ್ತವೆ. ಸುತ್ತಿಗೆ ಎತ್ತುವ ಮೊದಲು, ಗುಂಡಿಯಾದ ಸ್ಕ್ರೂ ತಲೆಯ ಮೇಲೆ ಚಪ್ಪಟೆ ಪಂಚಿಟ್ಟು ಮೆಲ್ಲಗೆ ತಟ್ಟಿ, ಹರಡಿದ ಲೋಹವನ್ನು ಮತ್ತೆ ಒಳಕ್ಕೆ ಕೂಡಿಸಿದ. ಒಂದು ಸ್ಕ್ರೂ ಟಕ್ಕೆಂದು ಸಡಿಲಾಯಿತು. ಎರಡನೆಯದು ಬರಲಿಲ್ಲ.

ಎರಡನೆಯದಕ್ಕೆ ಬೇರೆ ಮದ್ದು ಬೇಕಾಯಿತು. ಹ್ಯಾಕ್ಸಾ ಬ್ಲೇಡಿನಿಂದ ತಲೆಗೆ ಗಾಡಿ ಕೊರೆಯಬಹುದಿತ್ತು. ತಲೆ ಮುಚ್ಚಳದೊಳಗೆ ಹುದುಗಿದ್ದರಿಂದ ಬ್ಲೇಡು ತಾಗುತ್ತಿರಲಿಲ್ಲ. ತಲೆ ಮೇಲಿದ್ದಿದ್ದರೆ ಗ್ರಿಪ್ ಪ್ಲೈಯರ್ ಕಚ್ಚಿಸಬಹುದಿತ್ತು. ಅಮೆರಿಕದ ನೆಬ್ರಾಸ್ಕಾದ ಡಿ ವಿಟ್ ಎಂಬ ಪುಟ್ಟ ಊರಿನಲ್ಲಿ ವಿಲಿಯಂ ಪೀಟರ್ಸನ್ ಎಂಬ ಡ್ಯಾನಿಶ್ ಮೂಲದ ಕಮ್ಮಾರ 1920ರ ದಶಕದಲ್ಲಿ ಕಂಡುಹಿಡಿದ ಆ ಬಿಗಿಹಿಡಿತದ ಇಕ್ಕಳ ಈಗ ಮೂಡಲಗಿಯ ಪ್ರತಿ ಗ್ಯಾರೇಜಿನಲ್ಲೂ ಇದೆ. ಕಮ್ಮಾರ ಮಾಡಿದ್ದು ಕಮ್ಮಾರರಿಗೆ ಬೇಗ ಅರ್ಥವಾಗುತ್ತದೆ.

ಹವ್ಯಾಸಿ ತನ್ನ ಚೀಲದಿಂದ ಎಕ್ಸ್‌ಟ್ರಾಕ್ಟರುಗಳ ಒಂದು ಡಬ್ಬಿ ತೆಗೆದು ಹೆಮ್ಮೆಯಿಂದ ಮುಂದಿಟ್ಟ. ಎಡಕ್ಕೆ ಸುತ್ತಿದ ಸುರುಳಿ, ಕೆಳಗೆ ಸಪೂರ, ಮೇಲೆ ದಪ್ಪ. ಮುರಿದ ಸ್ಕ್ರೂ ನಡುವೆ ತೂತು ಕೊರೆದು, ಇದನ್ನು ಎಡಕ್ಕೆ ತಿರುವಿದರೆ ತೂತಿನ ಗೋಡೆಯನ್ನು ಕಚ್ಚಿ, ಕಚ್ಚಿದಂತೆ ಸ್ಕ್ರೂವನ್ನೂ ಎಡಕ್ಕೆ ತಿರುವಿ ಹೊರಗೆ ತರುತ್ತದೆ. ಪುಸ್ತಕದಲ್ಲಿ ಇದಕ್ಕಿಂತ ಚಂದದ ಉಪಾಯ ಇಲ್ಲ. ಮಿಸ್ತ್ರಿ ಅದನ್ನು ಬೆರಳಲ್ಲಿ ಹೊರಳಿಸಿ ನೋಡಿ ವಾಪಸು ಕೊಟ್ಟ. ‘ಇದು ಒಳಗ ಮುರೀತಂದ್ರ ಏನ್ ಮಾಡ್ತೀರಿ?’ ಎಂದ. ನ್ಯಾಯದ ಪ್ರಶ್ನೆ. ಎಕ್ಸ್‌ಟ್ರಾಕ್ಟರ್ ಮಾಡುವುದು ಬಹಳ ಗಡಸು ಉಕ್ಕಿನಿಂದ. ಗಡಸಾದದ್ದು ಪುಟುಕ್ಕನೆ ಮುರಿಯುತ್ತದೆ. ಸಣ್ಣ ಅಳತೆಯದಂತೂ ಮಣಿಕಟ್ಟು ತುಸು ಓರೆಯಾದರೆ ಸಾಕು. ಆಮೇಲೆ ಆ ತುಂಡನ್ನು ಸಾಮಾನ್ಯ ಡ್ರಿಲ್ ಬಿಟ್ಟು ಕೊರೆಯುವುದಿಲ್ಲ. ಮೊದಲಿದ್ದದ್ದು ಮೆತ್ತನೆ ಸ್ಕ್ರೂ, ಈಗ ಉಳಿದದ್ದು ಕಲ್ಲು. ಸ್ಕ್ರೂ ಬಿಗಿಯಾದದ್ದು ತುಕ್ಕಿನಿಂದಾದರೆ, ಸುರುಳಿ ಎಕ್ಸ್‌ಟ್ರಾಕ್ಟರ್ ಅದನ್ನು ಒಳಗಿಂದ ಹಿಗ್ಗಿಸಿ ಇನ್ನಷ್ಟು ಬಿಗಿಯಾಗಿಸುವುದೂ ಉಂಟು. ಮಿಸ್ತ್ರಿ ಸ್ಕ್ರೂ ತಲೆಯನ್ನು ಡ್ರಿಲ್‌ನಿಂದ ಪೂರ್ತಿ ಕೊರೆದು ಹಾಕಿ ಮುಚ್ಚಳ ಎತ್ತಿದ. ಒತ್ತಡ ಹೋದ ಮೇಲೆ ಉಳಿದ ಕತ್ತನ್ನು ಪಕ್ಕಡದಿಂದ ಹಿಡಿದರೆ ಬೆರಳಲ್ಲಿ ತಿರುವಿದಷ್ಟು ಸುಲಭಕ್ಕೆ ಬಂತು. ಹಳೆಯ ಹತ್ಯಾರುಗಳ ಅಭಿಮಾನಿಗೆ ಅಲ್ಲಿ ಹೊಸ ಮಾತೇನೂ ಹೊಳೆಯಲಿಲ್ಲ.

ಗ್ಯಾರೇಜಿನ ಹೊರಗೆ ಬಂದರೆ ಮೂಡಲಗಿಗೆ ಇನ್ನೊಂದು ಮುಖವೂ ಇದೆ. ಇದೇ ತಾಲ್ಲೂಕಿನ ಕುಲಗೋಡ, ಶ್ರೀಕೃಷ್ಣ ಪಾರಿಜಾತ ಎಂಬ ಜಾನಪದ ನಾಟಕವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು. ಕೌಜಲಗಿ, ಪಾರಿಜಾತವನ್ನು ಊರೂರಿಗೆ ಒಯ್ದು ಹಾಡಿದ ಕೌಜಲಗಿ ನಿಂಗಮ್ಮನ ಊರು. ಪಾರಿಜಾತಕ್ಕೆ ಹಾರ್ಮೋನಿಯಂ ಬೇಕು, ಹಾರ್ಮೋನಿಯಂ ಒಳಗೆ ಸಾಲುಗಟ್ಟಿದ ಹಿತ್ತಾಳೆಯ ರೀಡುಗಳು, ರೀಡು ಹಿಡಿದ ಪುಟ್ಟ ಸ್ಕ್ರೂಗಳು. ಒಂದು ಸ್ಕ್ರೂ ಸಡಿಲಾದರೆ ಗಾಳಿ ಸೋರಿ ಆ ಸ್ವರ ಗೊರಗೊರ ಎನ್ನುತ್ತದೆ. ಇಲ್ಲಿ ಇಂಪ್ಯಾಕ್ಟ್ ಡ್ರೈವರ್ ತಂದವನನ್ನು ಮೇಳದವರು ಹೊರಗೆ ಹಾಕಿಯಾರು. ಇಲ್ಲಿ ಬೇಕಾದದ್ದು ಸಣ್ಣ, ನೆಟ್ಟನೆ ತುದಿಯ ಡ್ರೈವರು, ಕಾಸಿದ ತಂತಿ, ಮತ್ತು ಉಸಿರು ಹಿಡಿದು ಕೂರುವ ಸಹನೆ.

ಮೂಡಲಗಿಯಿಂದ ಘಟಪ್ರಭಾ ಊರು ದಾಟಿ ಪಶ್ಚಿಮಕ್ಕೆ ಹೋದರೆ ಹುಕ್ಕೇರಿ. ಊರ ಹೊರಗೆ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಕಲ್ಲು, ಗಾರೆಯ ಮೇಲೆ ಶತಮಾನಗಟ್ಟಲೆ ನಿಂತ, ಒಂದೂ ಸ್ಕ್ರೂ ಇಲ್ಲದ ಕಟ್ಟಡಗಳು! ಹವ್ಯಾಸಿಗೆ ಅವು ಹಿಡಿಸಲಿಲ್ಲ ಎಂದೇನಿಲ್ಲ. ಬೇಗ ನೋಡಿ ಮುಗಿಸಿದ.

ಆತನ ಮನಸ್ಸಿದ್ದದ್ದು ಹೊಲಗಳ ಮೂಲೆಯಲ್ಲಿ ಕಾಣುವ ಸ್ಟಾರ್ಟರ್ ಡಬ್ಬಿಗಳ ಕಡೆ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಅಮೆರಿಕದ ಹಳ್ಳಿಗಳ ವಿದ್ಯುತ್ ಸಹಕಾರ ಸಂಘಗಳ ಮಾದರಿಯಲ್ಲಿ ಇಡೀ ದೇಶದಲ್ಲಿ ಮೊದಲಿಗೆ ಆರಿಸಿದ್ದು ಐದೇ ಜಾಗ: ಗುಜರಾತಿನ ಕೋಡಿನಾರ, ಆಗಿನ ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ಕರ್ನಾಟಕದ ಉಳಿದೆಡೆ ಕರೆಂಟು ಸರಕಾರದ್ದು; ಇಲ್ಲಿ ಗ್ರಾಹಕನೇ ಸದಸ್ಯ, ಸಂಘದ ಚುನಾವಣೆಯೂ ಜೋರು. ಅದರ ರಾಜಕೀಯ ಬೇರೆ ಲೇಖನದ ಮಾತು. ಇಲ್ಲಿ ಹೇಳಬೇಕಾದದ್ದು, ಗೋಕಾಕದ ಗಿರಣಿಗೆ 1887ರಲ್ಲಿ ಬಂದ ವಿದ್ಯುತ್ತು ಪಕ್ಕದ ತಾಲ್ಲೂಕಿನ ಬಾವಿಗಳಿಗೆ ಈ ಬಗೆಯಲ್ಲಿ ಇಳಿಯಲು ಎಂಟು ದಶಕ ಕಾಯಬೇಕಾಯಿತು ಎನ್ನುವುದು. ಇಳಿದ ಮೇಲೆ ಪ್ರತಿ ಬಾವಿಗೂ ಒಂದು ಮೋಟರು, ಪ್ರತಿ ಮೋಟರಿಗೂ ಒಂದು ಸ್ಟಾರ್ಟರು, ಪ್ರತಿ ಸ್ಟಾರ್ಟರಿನಲ್ಲೂ ತಂತಿ ಬಿಗಿಯುವ ಹಿತ್ತಾಳೆ ಸ್ಕ್ರೂಗಳು.

ಈ ಸ್ಕ್ರೂಗಳು ಕೆಡುವ ಬಗೆಯೇ ಬೇರೆ. ಮೋಟರಿನ ಅದುರಿಗೆ ಸ್ಕ್ರೂ ಚೂರು ಸಡಿಲಾಗುತ್ತದೆ. ಸಡಿಲಾದಲ್ಲಿ ಕರೆಂಟಿಗೆ ತಡೆ ಹೆಚ್ಚಿ ಬಿಸಿಯಾಗುತ್ತದೆ. ಬಿಸಿಗೆ ಹಿತ್ತಾಳೆ ಕಪ್ಪಾಗಿ ಮೆತ್ತಗಾಗುತ್ತದೆ. ಕಪ್ಪಾದಲ್ಲಿ ತಡೆ ಇನ್ನೂ ಹೆಚ್ಚು. ವೋಲ್ಟೇಜು ಇಳಿದ ರಾತ್ರಿಗಳಲ್ಲಿ ಮೋಟರು ಹೆಚ್ಚು ಕರೆಂಟು ಎಳೆದು ಇದನ್ನು ಬೇಗ ಮುಗಿಸುತ್ತದೆ. ಕೊನೆಗೆ ಸ್ಕ್ರೂ ತನ್ನ ಜಾಗದಲ್ಲೇ ಬೆಂದು ಕೂರುತ್ತದೆ. ಹೊಡೆಯುವಂತಿಲ್ಲ, ಸುತ್ತ ಇರುವುದು ಬೇಕಲೈಟ್. ಒಂದೇ ಏಟಿಗೆ ಬಿರುಕು. ಜೋರಾಗಿ ತಿರುವುವಂತಿಲ್ಲ, ಮೆತ್ತಗಾದ ಹಿತ್ತಾಳೆಯ ಕತ್ತು ಕಿತ್ತು ಬರುತ್ತದೆ. ಮೂಡಲಗಿಯ ವಿದ್ಯೆ ಇಲ್ಲಿ ನಡೆಯುವುದಿಲ್ಲ.

ಹುಕ್ಕೇರಿ ಕಡೆಯ ಹಳ್ಳಿಯೊಂದರಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರೊಬ್ಬರು ಇದಕ್ಕೆ ಬಳಸುವ ಹತ್ಯಾರ ಕಂಡು ಹವ್ಯಾಸಿಯ ಕಣ್ಣು ಅರಳಿತು. ಬಡಿಗೇರರ ಹಳೆಯ ಕೈಬೈರಿಗೆ. ಸೊಂಟ ಬಾಗಿದ ಕಬ್ಬಿಣದ ಕ್ರ್ಯಾಂಕು, ಮೇಲೆ ಮರದ ಗುಂಡು. ತೂತು ಕೊರೆಯುವ ಬಿಟ್ಟಿನ ಜಾಗದಲ್ಲಿ ಚಪ್ಪಟೆ ಸ್ಕ್ರೂ ಬಿಟ್ಟು ಹಾಕಿದ್ದರು. ಯುರೋಪಿನ ಬಡಿಗರು ಬ್ಯಾಟರಿ ಡ್ರಿಲ್ಲು ಬರುವ ಮೊದಲು ಗಟ್ಟಿ ಸ್ಕ್ರೂಗಳಿಗೆ ನೆಚ್ಚಿದ್ದು ಇದನ್ನೇ. ಅಮೆರಿಕದಲ್ಲಿ ಫಿಲಡೆಲ್ಫಿಯಾದ ನಾರ್ತ್ ಬ್ರದರ್ಸ್ ಮಾಡಿದ ‘ಯಾಂಕೀ’ ಡ್ರೈವರು, ಒತ್ತಿದರೆ ತಾನೇ ತಿರುಗುವಂಥದು, ಹೆಚ್ಚು ಹೆಸರು ಮಾಡಿತು. 1946ರಲ್ಲಿ ಸ್ಟ್ಯಾನ್ಲಿ ಕಂಪನಿ ಆ ಕಾರ್ಖಾನೆಯನ್ನು ಕೊಂಡಿತು. ಆದರೆ ಯಾಂಕೀ ವೇಗಕ್ಕೆ, ಹಟಮಾರಿ ಸ್ಕ್ರೂಗಲ್ಲ. ಬೈರಿಗೆಯ ಕ್ರ್ಯಾಂಕು ಅರ್ಧ ಗೇಣು ಹೊರಗೆ ಸುತ್ತುವುದರಿಂದ ಸಾಮಾನ್ಯ ಡ್ರೈವರಿನ ಹಿಡಿಕೆಗಿಂತ ಎಷ್ಟೋ ಪಟ್ಟು ತಿರುಗುಬಲ ಸಿಗುತ್ತದೆ. ಅದಕ್ಕಿಂತ ಮುಖ್ಯ, ಮೇಲಿನ ಗುಂಡಿನ ಮೇಲೆ ಎದೆಯಿಟ್ಟು ಮೈಭಾರ ಹಾಕಬಹುದು. ಏಟಿಲ್ಲದ ಒತ್ತಡ. ತಿರುಗುವುದು ಕೂದಲೆಳೆಯಷ್ಟು ಮೆಲ್ಲಗೆ. ಕತ್ತು ಕಿತ್ತುಕೊಳ್ಳುವ ಮೊದಲೇ ಅಂಗೈಗೆ ಗೊತ್ತಾಗುತ್ತದೆ.

ವೈಂಡಿಂಗಿನವರು ಮೊದಲು ಸೋಲ್ಡರಿಂಗ್ ಐರನ್ ಕಾಸಿ ಸ್ಕ್ರೂ ತಲೆಗೆ ಬಿಸಿ ಕೊಟ್ಟರು. ಒಂದು ಹನಿ ಸೀಮೆಎಣ್ಣೆ ಬಿಟ್ಟು ಚಹಾ ಕುಡಿಯಲು ಕೂತರು. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡಬ್ಲ್ಯೂಡಿ-40 ಈಗ ಸ್ಪ್ರೇ ಆಗಿ ಹುಕ್ಕೇರಿ ಪೇಟೆಯಲ್ಲೂ ಸಿಗುತ್ತದೆ. ಅದರ ಡಬ್ಬಿಯೂ ಕಪಾಟಿನಲ್ಲಿತ್ತು. ‘ಅದು ಗಿರಾಕಿಗೆ ತೋರಸಾಕ’ ಎಂದು ನಕ್ಕರು. ಚಹಾದ ಹೊತ್ತಿನಲ್ಲಿ ಮಾತು ಹಿಡಕಲ್ ಜಲಾಶಯದ ಕಡೆ ತಿರುಗಿತು. ರಾಜಾ ಲಖಮಗೌಡರ ಹೆಸರಿನ ಆ ಅಣೆಕಟ್ಟೆ ಇದೇ ತಾಲ್ಲೂಕಿನದು. ಕಾಲುವೆಗಳ ತೂಬಿನ ಬಾಗಿಲು ಎತ್ತುವುದೂ ಸ್ಕ್ರೂನಿಂದಲೇ. ಆಳೆತ್ತರದ ಕಬ್ಬಿಣದ ಸುರುಳಿಕಂಬ, ಮೇಲೆ ಚಕ್ರ. ಗ್ರೀಸು ಕಾಣದೆ ಬೇಸಿಗೆ ಕಳೆದರೆ ಅದೂ ಕಚ್ಚಿಕೊಳ್ಳುತ್ತದೆ. ನೀರು ಬಿಡುವ ದಿನ ನಾಲ್ಕು ಜನ ಚಕ್ರಕ್ಕೆ ಜೋತುಬಿದ್ದರೂ ಜಗ್ಗದಿದ್ದಾಗ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು: ಮೊದಲು ಇಳಿಸುವ ದಿಕ್ಕಿಗೆ ಒಂದು ನೂಲು ತಿರುವಬೇಕು, ಆಮೇಲೆ ಎತ್ತಬೇಕು. ಗೋಕಾಕದ ಮುದುಕರು ಬಾಗಿಲಿನ ಸ್ಕ್ರೂಗೆ ಹೇಳಿದ್ದನ್ನೇ ಇವರು ತೂಬಿಗೆ ಹೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಚಹಾ ಮುಗಿದ ಮೇಲೆ ಸ್ಟಾರ್ಟರಿನ ಸ್ಕ್ರೂಗಳು ಬಂದವು. ಒಂದರ ಕತ್ತು ಮುರಿಯಿತು, ಉಳಿದವು ಇಡಿಯಾಗಿಯೇ. ಮುರಿದದ್ದಕ್ಕೆ ಹೊಸ ಟರ್ಮಿನಲ್ ಪಟ್ಟಿ ಹಾಕಿದರಾಯಿತು ಎಂದು ಅವರು ತಲೆಕೆಡಿಸಿಕೊಳ್ಳಲಿಲ್ಲ.

ಹವ್ಯಾಸಿ ಬೈರಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಮರದ ಗುಂಡಿನ ಕೆಳಗೆ ಎರಡಕ್ಷರ ಕೆತ್ತಿತ್ತು. ಅಂಗಡಿಯವರ ಮನೆತನದ ಹೆಸರಿನವಲ್ಲ. ಎಲ್ಲಿಂದಲೋ ಕೊಂಡದ್ದು, ಯಾರದೆಂದು ಅವರಿಗೂ ತಿಳಿಯದು. ಮಹಾನವಮಿಗೆ ಅದಕ್ಕೆ ಹಚ್ಚಿದ ವಿಭೂತಿ, ಕುಂಕುಮದ ಗುರುತು ಗಾಡಿಯ ಸಂದಿಯಲ್ಲಿ ಇನ್ನೂ ಉಳಿದಿತ್ತು. ಆತ ಬೆಲೆ ಕೇಳಿದ. ಕೊಡುವುದಿಲ್ಲ ಎಂದರು. ಹೊಸ ಬ್ಯಾಟರಿ ಡ್ರಿಲ್ಲಿನಷ್ಟು ದುಡ್ಡು ಕೊಡುತ್ತೇನೆ ಎಂದ.

‘ಬ್ಯಾಟರೀದು ನಮ್ಮ ಮಗನ ಕಡೆ ಐತ್ರಿ,’ ಎಂದರು ಅವರು, ಬೈರಿಗೆಯನ್ನು ಮೊಳೆಗೆ ಸಿಕ್ಕಿಸುತ್ತ. ‘ಅಂವ ಮುರಿದಿಟ್ಟದ್ದನ್ನ ತಗ್ಯಾಕ ಇದು ಬೇಕು. ನಿಮಗ ಬೇಕಂದ್ರ ಸಂಕೇಶ್ವರದ ಗುಜರ್ಯಾಗ ನೋಡ್ರಿ. ಶುಕ್ರವಾರ ಹೋಗಬ್ಯಾಡ್ರಿ, ಬಂದ್ ಇರತೈತಿ.’